ಫರ್ಸಿಯ ಮೇಲಿನ ನಕ್ಷೆಗಳು

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಹಳೆಯ ಮನೆಯ ಮೇಲಿನ ಕೋಣೆಗೆ ಶಹಾಬಾದ್ ಫರ್ಸಿ ಹಾಸಿದೆ. ಎರಡಡಿ ಚೌಕದ, ಬೂದು ಬಣ್ಣದ ಆ ಕಲ್ಲುಗಳ ಮೇಲೆ ಸೀಮೆಸುಣ್ಣ ಚೆನ್ನಾಗಿ ಕೂರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಅಷ್ಟೇ ಸುಲಭವಾಗಿ ಹೋಗುತ್ತದೆ. 2015ರ ಬೇಸಿಗೆಯಲ್ಲಿ, ಇಂಜಿನಿಯರಿಂಗ್ ಓದುತ್ತಿದ್ದ ನಾವು ನಾಲ್ವರು ಗೆಳೆಯರು ಮತ್ತು ಆಗ ಪಿಯುಸಿಯಲ್ಲಿದ್ದ ನನ್ನ ತಂಗಿ, ಆ ನೆಲದ ಮೇಲೆ ಕುಳಿತು ಒಂದು ಆಟಕ್ಕಾಗಿ ನಮ್ಮ ಮೊದಲ ನೆಲಮಾಳಿಗೆಯ ನಕ್ಷೆಯನ್ನು ಬರೆದೆವು. ಅದರ ಹಿಂದಿನ ವರ್ಷ ಬಂದಿದ್ದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಪ್ರಕಾಶಕರು ಉಚಿತವಾಗಿಯೇ ಕೊಟ್ಟಿದ್ದರು. ಅವನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಬಂದಿದ್ದೆವು. ಇಪ್ಪತ್ತು ಮುಖದ ದಾಳ ಊರಲ್ಲೆಲ್ಲೂ ಸಿಗದ ಕಾರಣ 1ರಿಂದ 20ರವರೆಗೆ ಅಂಕಿ ಬರೆದ ಚೀಟಿಗಳನ್ನು ಮಡಿಸಿ ಸ್ಟೀಲ್ ಲೋಟದಲ್ಲಿ ಹಾಕಿ, ಒಂದೊಂದೇ ಎತ್ತಿ ಆಡಿದೆವು. 1979ರ ಸುಮಾರಿಗೆ ದಾಳಗಳ ಕೊರತೆಯಾದಾಗ ಈ ಆಟದ ಪ್ರಕಾಶಕರೇ ತಮ್ಮ ಪೆಟ್ಟಿಗೆಯಲ್ಲಿ ದಾಳದ ಬದಲು ಅಂಕಿಯ ಚೀಟಿಗಳನ್ನಿಟ್ಟು ಮಾರಿದ್ದರೆಂದು ಬಹಳ ತಡವಾಗಿ ಓದಿ ತಿಳಿದು, ಆ ಲೋಟದ ಮೇಲಿನ ನನ್ನ ಗೌರವ ಇನ್ನಷ್ಟು ಹೆಚ್ಚಿತು.

ಈ ಆಟವನ್ನು ಆಡದವರಿಗಾಗಿ ಒಂದು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂಬುದರಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದಿಲ್ಲ. ಗೇಮ್ ಮಾಸ್ಟರ್ ಎನಿಸಿಕೊಂಡವರು ಸನ್ನಿವೇಶವನ್ನು ವಿವರಿಸುತ್ತಾರೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಆದೀತೋ ಇಲ್ಲವೋ ಎಂಬ ಅನುಮಾನವಿರುವ ಕಡೆ ದಾಳ ತೀರ್ಮಾನಿಸುತ್ತದೆ. ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಇದು ತೀರ ಹೊಸದಲ್ಲ. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಅದನ್ನು ಮಾತನಾಡಿಸಿ, ತಾವು ಯಾರು, ಯಾವ ಊರಿನವರು, ಬಂದ ಕಾರಣವೇನು ಎಂದು ಕೇಳುತ್ತಾನಲ್ಲ, ಗೇಮ್ ಮಾಸ್ಟರ್ ಮಾಡುವ ಮೊದಲ ಕೆಲಸವೂ ಅದೇ. ಒಂದು ವ್ಯತ್ಯಾಸವೆಂದರೆ ದೊಡ್ಡಾಟದ ಪಾತ್ರಕ್ಕೆ ಉತ್ತರ ಮೊದಲೇ ಬಾಯಿಪಾಠವಾಗಿರುತ್ತದೆ, ಇಲ್ಲಿ ಅದನ್ನು ಕುಳಿತಲ್ಲಿಯೇ ಹುಟ್ಟಿಸಿಕೊಳ್ಳಬೇಕಾಗುತ್ತದೆ.

ಆ ಮೊದಲ ಬೇಸಿಗೆಯಿಂದ ಈವರೆಗೆ ನಮ್ಮ ಗುಂಪು ಡ್ರ್ಯಾಗನ್‌ಗಳಿಂದ ಬಾಹ್ಯಾಕಾಶದ ಹಡಗಿಗೆ, ಅಲ್ಲಿಂದ ಭಯದ ಕಥೆಗೆ, ಮತ್ತೆ ಡ್ರ್ಯಾಗನ್‌ಗಳಿಗೆ, ಕೊನೆಗೆ 15ನೆಯ ಶತಮಾನದ ಬೀದರಿಗೆ ಹೀಗೆ ಪ್ರಕಾರದಿಂದ ಪ್ರಕಾರಕ್ಕೆ ನಡೆದು ಬಂದಿದೆ. ಒಬ್ಬರೇ ಕುಳಿತು ಪುಸ್ತಕ ಓದುವವರ ರುಚಿ ಬದಲಾದರೆ ಅದು ಯಾರಿಗೂ ತಿಳಿಯುವುದಿಲ್ಲ. ಕಪಾಟಿನಲ್ಲಿ ಒಂದು ಸಾಲು ಹಿಂದೆ ಸರಿದು ಇನ್ನೊಂದು ಮುಂದೆ ಬರುತ್ತದೆ, ಅಷ್ಟೇ. ಐದು ಜನ ಸೇರಿ ಕಟ್ಟುವ ಕಥೆಯಲ್ಲಿ ಒಬ್ಬರ ಮನಸ್ಸು ಬೇರೆಡೆಗೆ ತಿರುಗಿದರೆ ಐದೂ ಜನರ ಭಾನುವಾರ ಬದಲಾಗುತ್ತದೆ. ಆ ಬದಲಾವಣೆ ಹೇಗೆ ಆಗುತ್ತದೆ, ಆದಾಗ ಒಬ್ಬರಿಗೊಬ್ಬರು ಏನು ಹೇಳಬೇಕು ಎಂಬುದನ್ನು ನಾನು ಒಂದು ಗೆಳೆತನಕ್ಕೆ ಪೆಟ್ಟು ಕೊಟ್ಟು ಕಲಿತಿದ್ದೇನೆ. ಅದನ್ನೇ ಬರೆಯಬೇಕೆಂದು ಕುಳಿತಿದ್ದೇನೆ.

ಈ ಹವ್ಯಾಸ ಹುಟ್ಟಿದ್ದೇ ಆಸಕ್ತಿಯ ಪಲ್ಲಟದಿಂದ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮಿನೆಸೋಟದಲ್ಲಿ ಸಣ್ಣ ಸಣ್ಣ ಸೈನಿಕರ ಬೊಂಬೆಗಳನ್ನಿಟ್ಟು ನೆಪೋಲಿಯನ್ ಕಾಲದ ಯುದ್ಧಗಳನ್ನು ಆಡುತ್ತಿದ್ದ ಒಂದು ಗುಂಪಿತ್ತು. ಅವರಲ್ಲಿ ಡೇವಿಡ್ ವೆಸ್ಲಿ ಎಂಬವರು ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಪಟ್ಟಣವನ್ನು ಕಟ್ಟಿ, ಒಬ್ಬೊಬ್ಬ ಆಟಗಾರನಿಗೂ ಸೈನ್ಯದ ಬದಲು ಆ ಊರಿನ ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟರು. ಯುದ್ಧ ಆರಂಭವಾಗುವ ಮೊದಲೇ ಆಟಗಾರರು ಊರೆಲ್ಲ ಅಲೆದಾಡಿ, ಗುಟ್ಟು ಮಾತಾಡಿ, ಒಬ್ಬರ ವಿರುದ್ಧ ಒಬ್ಬರು ಸಂಚು ಹೂಡತೊಡಗಿದಾಗ ಆಟ ಕೆಟ್ಟಿತೆಂದೇ ವೆಸ್ಲಿ ಭಾವಿಸಿದ್ದರಂತೆ. ಆಡಿದವರು ಮಾತ್ರ ಅದನ್ನೇ ಮತ್ತೆ ಆಡಿಸಿ ಎಂದು ಬೆನ್ನು ಹತ್ತಿದರು. ಅದೇ ಗುಂಪಿನ ಡೇವ್ ಆರ್ನೆಸನ್ ನೆಪೋಲಿಯನ್ನನನ್ನು ಬಿಟ್ಟು ಬ್ಲ್ಯಾಕ್‌ಮೂರ್ ಎಂಬ ಕೋಟೆ ಮತ್ತು ಅದರ ಕೆಳಗಿನ ಸುರಂಗಗಳನ್ನು ಕಲ್ಪಿಸಿದರು. ಇತ್ತ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದ ಚೈನ್‌ಮೇಲ್ ಎಂಬ ಮಧ್ಯಯುಗದ ಯುದ್ಧದಾಟದ ನಿಯಮಗಳ ಕೊನೆಯಲ್ಲಿ ಮಾಂತ್ರಿಕರು ಮತ್ತು ಡ್ರ್ಯಾಗನ್‌ಗಳ ಒಂದು ಪುರವಣಿ ಸೇರಿಕೊಂಡಿತು. ಮೂಲ ಗ್ರಂಥಕ್ಕಿಂತ ಆ ಪುರವಣಿಯೇ ಮುಂದೆ ದೊಡ್ಡದಾಯಿತು. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಸೇರಿ ರಚಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 1000 ಪ್ರತಿಗಳು 1974ರಲ್ಲಿ ಮೊದಲ ಮುದ್ರಣವಾಗಿ ಬಂದವು. ಚರಿತ್ರೆಯ ಯುದ್ಧಗಳಲ್ಲಿ ಮುಳುಗಿದ್ದ ಕೆಲವರ ಕಣ್ಣು ಒಂದು ದಿನ ಪಕ್ಕದ ದಾರಿಗೆ ತಿರುಗದಿದ್ದರೆ ನಮ್ಮ ಫರ್ಸಿಯ ಮೇಲೆ ಸೀಮೆಸುಣ್ಣದ ಗೆರೆ ಬೀಳುತ್ತಿರಲಿಲ್ಲ.

ಒಂದು ಪ್ರಕಾರ ಇನ್ನೊಂದಕ್ಕಿಂತ ಬೇರೆಯಾಗುವುದು ಅದರ ವೇಷಭೂಷಣದಿಂದ ಎಂದು ನಾನು ಬಹಳ ಕಾಲ ತಿಳಿದಿದ್ದೆ: ಕತ್ತಿ ಹಿಡಿದರೆ ಫ್ಯಾಂಟಸಿ, ರಾಕೆಟ್ ಏರಿದರೆ ಸೈನ್ಸ್ ಫಿಕ್ಷನ್. ಆಡುತ್ತ ಆಡುತ್ತ ತಿಳಿದದ್ದೇನೆಂದರೆ, ಆಟದ ಪ್ರಕಾರ ಇರುವುದು ಅದರ ನಿಯಮಗಳು ಯಾವುದನ್ನು ಲೆಕ್ಕ ಇಡುತ್ತವೆ ಎಂಬುದರಲ್ಲಿ. 1974ರ ಮೂಲ ಆಟದಲ್ಲಿ ಗುಹೆಯಿಂದ ಹೊರತಂದ ಒಂದೊಂದು ಬಂಗಾರದ ನಾಣ್ಯವೂ ಒಂದೊಂದು ಅನುಭವದ ಅಂಕವಾಗುತ್ತಿತ್ತು. ನಾವು ಆಡಿದ ಆವೃತ್ತಿಯಲ್ಲಿ ಪಾತ್ರ ಒಂದನೆಯ ಮಟ್ಟದಿಂದ ಇಪ್ಪತ್ತನೆಯ ಮಟ್ಟದವರೆಗೆ ಏರುತ್ತದೆ, ಏರಿದಂತೆಲ್ಲ ಬಲ ಹೆಚ್ಚುತ್ತದೆ, ಹೊಸ ವಿದ್ಯೆ ಸಿದ್ಧಿಸುತ್ತದೆ. ಲೆಕ್ಕ ಯಾವಾಗಲೂ ಮೇಲ್ಮುಖ. ಇಪ್ಪತ್ತು ವರ್ಷದ ನಮಗೆ ಅದಕ್ಕಿಂತ ಸಹಜವಾದ ಲೆಕ್ಕ ಇನ್ನೊಂದಿರಲಿಲ್ಲ. ಪರೀಕ್ಷೆ ಪಾಸಾಗುವುದು, ನೌಕರಿ ಹಿಡಿಯುವುದು, ಬೆಂಗಳೂರಿಗೋ ಹೈದರಾಬಾದಿಗೋ ಹೋಗುವುದು ಎಂಬ ಮೆಟ್ಟಿಲುಗಳು ಹೊರಗೆ ಹೇಗಿದ್ದವೋ ಒಳಗಿನ ಆಟದಲ್ಲಿಯೂ ಹಾಗೆಯೇ ಇದ್ದವು. ಎರಡು ವರ್ಷ ನಾವು ಇನ್ನೇನನ್ನೂ ಆಡಲಿಲ್ಲ, ಇನ್ನೇನೂ ಬೇಕೆನ್ನಿಸಲೂ ಇಲ್ಲ.

ಆ ಎರಡು ವರ್ಷವೂ ಗೇಮ್ ಮಾಸ್ಟರ್ ಆಗಿದ್ದವನು ಈಗ ತನ್ನ ತಂದೆಯ ಮೆಡಿಕಲ್ ಅಂಗಡಿಯನ್ನು ನೋಡಿಕೊಳ್ಳುತ್ತಿರುವ ಗೆಳೆಯ. ಅವನ ನಕ್ಷೆಗಳಲ್ಲಿ ನದಿ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂಬುದು ಸ್ಪಷ್ಟವಾಗಿರುತ್ತಿತ್ತು, ಹಳ್ಳಿಗಳಿಗೆ ಸಂತೆಯ ದಿನ ಗೊತ್ತಿರುತ್ತಿತ್ತು, ಡ್ರ್ಯಾಗನ್ನಿಗೂ ಒಂದು ವಂಶಾವಳಿ ಇರುತ್ತಿತ್ತು. ಒಂದು ಸಲ ಅವನು ಇಡೀ ಕಣಿವೆಯ ನಕ್ಷೆಯನ್ನು ಹನ್ನೆರಡು ಫರ್ಸಿಗಳ ಮೇಲೆ ಹರಡಿ ಬರೆದ. ಅದು ಮೂರು ವಾರ ಅಳಿಯಬಾರದೆಂದು ನಮ್ಮವ್ವ ಕೋಣೆ ಒರೆಸುವುದನ್ನೇ ನಿಲ್ಲಿಸಿದರು. ಕಬ್ಬಿಣದ ಟ್ರಂಕಿನ ಕೆಳಗೆ ಹೋಗಿದ್ದ ಒಂದು ಗೆರೆ, ಅವನ ಉತ್ತರದ ನದಿ, ಈಗಲೂ ಅಲ್ಲಿ ಮಸುಕಾಗಿ ಉಳಿದಿದೆ.

2017ರ ಹೊತ್ತಿಗೆ ನಮ್ಮ ಓದು ಮುಗಿದಿತ್ತು. ಒಬ್ಬ ಬ್ಯಾಂಕ್ ಸೇರಿದ್ದ, ಇನ್ನೊಬ್ಬ ಯಾದಗಿರಿಯಲ್ಲಿ ಗುತ್ತಿಗೆದಾರರ ಬಳಿ ಕೆಲಸಕ್ಕೆ ಹೋಗುತ್ತಿದ್ದ, ನಾನು ಪಾಠ ಹೇಳಲಾರಂಭಿಸಿದ್ದೆ. ಆಗ ನನ್ನ ಕೈಗೆ ಸಿಕ್ಕಿದ್ದು ಮಾರ್ಕ್ ಮಿಲ್ಲರ್ ರಚಿಸಿದ ಟ್ರಾವೆಲರ್. 1977ರಲ್ಲಿ ಬಂದ ಈ ಬಾಹ್ಯಾಕಾಶದ ಆಟವನ್ನು ಓದುತ್ತಿದ್ದಂತೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಇದರಲ್ಲಿ ಮಟ್ಟಗಳೇ ಇಲ್ಲ. ಆಟ ಆರಂಭವಾಗುವ ಮೊದಲೇ ಪಾತ್ರದ ಹಿಂದಿನ ಬದುಕನ್ನು ನಾಲ್ಕು ನಾಲ್ಕು ವರ್ಷಗಳ ಅವಧಿಯಾಗಿ ದಾಳ ಹಾಕಿ ಕಟ್ಟಬೇಕು. ನೌಕಾದಳದಲ್ಲಿ ಎಷ್ಟು ಕಾಲ, ವ್ಯಾಪಾರದಲ್ಲಿ ಎಷ್ಟು ಕಾಲ ಎಂದು. ಮೂಲ ನಿಯಮದಂತೆ ದಾಳ ಕೆಟ್ಟದಾಗಿ ಬಿದ್ದರೆ ಪಾತ್ರ ಆ ಹಂತದಲ್ಲಿಯೇ ಸತ್ತುಹೋಗಬಹುದು. 34ನೆಯ ವಯಸ್ಸಿನಿಂದ ಮುಪ್ಪಿನ ದಾಳ ಹಾಕಬೇಕು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಡಗಿನ ಸಾಲ: ಹಡಗಿನ ಬೆಲೆಯ 240ನೆಯ ಒಂದು ಭಾಗವನ್ನು ಪ್ರತಿ ತಿಂಗಳು, 480 ತಿಂಗಳು, ಅಂದರೆ 40 ವರ್ಷ ಕಟ್ಟಬೇಕು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಹಡಗಿನ ಕ್ಯಾಪ್ಟನ್ ತಿಂಗಳ ಕೊನೆಯಲ್ಲಿ ಸರಕು ಸಾಗಿಸುವ ಬಾಡಿಗೆ ಸಿಕ್ಕೀತೋ ಇಲ್ಲವೋ ಎಂದು ಚಿಂತಿಸುತ್ತ ಕೂರುವ ಆ ಚಿತ್ರ, ನನ್ನ ಸುತ್ತಲಿನ ದೊಡ್ಡವರ ಬದುಕಿನ ಬಗ್ಗೆ ನನಗೆ ಹೊಸದಾಗಿ ಏನನ್ನೋ ಹೇಳುತ್ತಿತ್ತು.

ಬ್ಯಾಂಕಿನ ಗೆಳೆಯನೂ ತಂಗಿಯೂ ಕೂಡಲೇ ಒಪ್ಪಿದರು. ಡ್ರ್ಯಾಗನ್ನಿನ ಗೆಳೆಯನೂ ಮೂರು ವಾರ ಬಂದು ಆಡಿದ. ನಾಲ್ಕನೆಯ ವಾರ ಹಡಗಿನ ಕಂತಿಗೆ ದುಡ್ಡು ಸಾಲದೆ ನಾವು ತಲೆಗೆ ಕೈಹೊತ್ತು ಕುಳಿತಿದ್ದಾಗ ಅವನು ತನ್ನ ಪಾತ್ರದ ವಿವರ ಬರೆದ ಕ್ಯಾರೆಕ್ಟರ್ ಶೀಟನ್ನು ಮೆಲ್ಲಗೆ ಮಗುಚಿಟ್ಟು, "ಮನ್ಯಾಗೂ ಕಂತು, ಇಲ್ಲೂ ಕಂತೇನೋ?" ಎಂದ. ಅಂಗಡಿಯನ್ನು ವಿಸ್ತರಿಸಲು ಅವನು ಅದೇ ವರ್ಷ ಸಾಲ ತೆಗೆದಿದ್ದನೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು, "ನೀ ಇನ್ನಾ ಡ್ರ್ಯಾಗನ್ ಹಿಡ್ಕೊಂಡೇ ಕುಂತೀದಿ, ಅದು ಸಣ್ಣ ಹುಡುಗರ ಆಟ, ನಾವು ಅದನ್ನ ದಾಟಿ ಬಂದೀವಿ" ಎಂದುಬಿಟ್ಟೆ. ಅವನು ಏನೂ ಹೇಳಲಿಲ್ಲ. ಹೊರಡುವಾಗ ಚೀಟಿಗಳ ಲೋಟವನ್ನು ಎತ್ತಿಕೊಂಡು ಹೋದ. ಅಷ್ಟರಲ್ಲಿ ನಮ್ಮಲ್ಲಿ ನಿಜವಾದ ದಾಳಗಳು ಬಂದಿದ್ದವು, ಲೋಟ ಯಾರಿಗೂ ಬೇಕಾಗಿರಲಿಲ್ಲ. ಮುಂದಿನ ಭಾನುವಾರ ಅವನು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಆ ಮಾತಿನಲ್ಲಿದ್ದ ತಪ್ಪನ್ನು ಬಿಡಿಸಿ ನೋಡಬೇಕು, ಏಕೆಂದರೆ ಅದು ನನ್ನೊಬ್ಬನ ತಪ್ಪಲ್ಲ, ಅಭಿಮಾನಿ ಬಳಗಗಳಲ್ಲೆಲ್ಲ ಹಬ್ಬಿರುವ ತಪ್ಪು. ಪ್ರಕಾರಗಳನ್ನು ನಾವು ಶಾಲೆಯ ತರಗತಿಗಳಂತೆ ಸಾಲಾಗಿ ನಿಲ್ಲಿಸುತ್ತೇವೆ: ಫ್ಯಾಂಟಸಿ ಬಾಲ್ಯಕ್ಕೆ, ಸೈನ್ಸ್ ಫಿಕ್ಷನ್ ಯೌವನಕ್ಕೆ, ಆಮೇಲಿನದೆಲ್ಲ ಗಂಭೀರ ಓದುಗರಿಗೆ. ಮುಂದೆ ಹೋದವರು ಹಿಂದೆ ಉಳಿದವರನ್ನು ಕನಿಕರದಿಂದ ನೋಡುತ್ತಾರೆ. ಉಳಿದವರು ಹೋದವರನ್ನು ದ್ರೋಹಿಗಳೆಂದು ಬಗೆಯುತ್ತಾರೆ. ವೈಜ್ಞಾನಿಕ ಕಥೆಗಳ ಅಭಿಮಾನಿ ಬಳಗ ಅಮೆರಿಕದಲ್ಲಿ 1930ರ ದಶಕದಲ್ಲಿಯೇ ಗಟ್ಟಿಯಾಗಿ, 1939ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಮೊದಲ ವಿಶ್ವ ಸಮ್ಮೇಳನವನ್ನು ನಡೆಸಿತು. ಆ ಬಳಗದ ಹಳೆಯ ಆಡುಮಾತುಗಳಲ್ಲಿ ಗಾಫಿಯಾ ಎಂಬುದೊಂದಿದೆ. ಎಲ್ಲವನ್ನೂ ಬಿಟ್ಟು ದೂರ ಹೋಗುವುದು ಎಂಬ ಅರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಪದ ಅದು. ಮೊದಮೊದಲು ದಿನನಿತ್ಯದ ಜಂಜಾಟವನ್ನು ಬಿಟ್ಟು ಅಭಿಮಾನಿ ಬಳಗದ ಕಡೆಗೆ ಬರುವುದಕ್ಕೆ ಆ ಪದ ಬಳಕೆಯಾಗುತ್ತಿತ್ತು. ಕಾಲಕ್ರಮೇಣ ಅದೇ ಪದ ಬಳಗವನ್ನೇ ಬಿಟ್ಟುಹೋಗುವುದಕ್ಕೆ ನಿಂತಿತು. ಯಾವುದು ಬಿಡುಗಡೆ, ಯಾವುದು ಬಂಧನ ಎಂಬುದು ಒಬ್ಬನ ಬದುಕಿನಲ್ಲಿಯೇ ಹೀಗೆ ತಿರುವುಮುರುವಾಗುತ್ತದೆಂದು ಆ ಜನ ಬಹಳ ಹಿಂದೆಯೇ ಕಂಡಿದ್ದರು. ನನಗೆ ಬಾಹ್ಯಾಕಾಶದ ಸಾಲ ಬದುಕನ್ನು ತಿಳಿಯುವ ಕಿಟಕಿಯಾಗಿತ್ತು, ಏಕೆಂದರೆ ನನ್ನ ತಲೆಯ ಮೇಲೆ ಸಾಲವಿರಲಿಲ್ಲ. ಅವನ ತಲೆಯ ಮೇಲೆ ಇತ್ತು. ಒಂದೇ ಆಟ ನನಗೆ ಹೊರಗನ್ನು ತೋರಿಸುತ್ತಿತ್ತು, ಅವನನ್ನು ಒಳಗೆ ಹಾಕಿ ಬೀಗ ಜಡಿಯುತ್ತಿತ್ತು.

ಟ್ರಾವೆಲರ್ ಒಂದೂವರೆ ವರ್ಷ ನಡೆದು, ಯಾರೂ ನಿಲ್ಲಿಸೋಣ ಎಂದು ಹೇಳದೆಯೇ ನಿಂತುಹೋಯಿತು. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಭಯದ ಕಥೆಗೆ ನಾನು ಬಂದದ್ದು ನನ್ನ ತಂದೆಯವರಿಗೆ ಮರೆವಿನ ಕಾಯಿಲೆ ಆರಂಭವಾದ ವರ್ಷ. ಸ್ಯಾಂಡಿ ಪೀಟರ್ಸನ್ ರಚಿಸಿ 1981ರಲ್ಲಿ ಹೊರಬಂದ ಕಾಲ್ ಆಫ್ ಕ್ಥುಲು ಆಟದಲ್ಲಿ ಲೆಕ್ಕ ಕೆಳಮುಖ. ಅಲ್ಲಿನ ಪಾತ್ರಗಳು ಸಾಮಾನ್ಯ ಜನ, ಗ್ರಂಥಪಾಲಕರು, ವೈದ್ಯರು, ಪತ್ರಕರ್ತರು. ಅವರಿಗೆ ಮನಸ್ಸಿನ ಸ್ವಾಸ್ಥ್ಯ ಎಂಬ ಅಂಕಗಳಿರುತ್ತವೆ. ಕಾಣಬಾರದ್ದನ್ನು ಕಂಡಾಗ ನೂರರ ದಾಳ ಹಾಕಿ, ಆ ಅಂಕಗಳಿಗಿಂತ ಹೆಚ್ಚು ಬಿದ್ದು ಸೋತರೆ ಅಂಕ ಕಳೆದುಕೊಳ್ಳುತ್ತಾರೆ. ಆ ಲೋಕದ ರಹಸ್ಯಗಳ ಕುರಿತು ಪಾತ್ರದ ತಿಳಿವಳಿಕೆ ಎಷ್ಟು ಏರುತ್ತದೋ, ಸ್ವಾಸ್ಥ್ಯ ಮತ್ತೆ ಏರಬಹುದಾದ ಮಿತಿ ಅಷ್ಟೇ ಇಳಿಯುತ್ತದೆ. ತಂದೆಯವರ ರಿಪೋರ್ಟುಗಳನ್ನು ಹಿಡಿದು ರಾತ್ರಿ ಒಂದು ಗಂಟೆಯವರೆಗೆ ಆ ಕಾಯಿಲೆಯ ಕುರಿತು ಓದುತ್ತಿದ್ದ ನನಗೆ, ತಿಳಿದಷ್ಟೂ ನೆಮ್ಮದಿ ಕುಗ್ಗುತ್ತದೆಂಬ ಆ ನಿಯಮವನ್ನು ಯಾರೋ ನನ್ನನ್ನು ಪಕ್ಕದಿಂದ ನೋಡಿಯೇ ಬರೆದಂತಿತ್ತು.

2019ರ ಮೇ ತಿಂಗಳ ಒಂದು ಸಂಜೆ ನೆನಪಿದೆ. ಹಗಲೆಲ್ಲ ಕಾದ ಫರ್ಸಿ ಕತ್ತಲಾದ ಮೇಲೂ ಕಾಲಿಗೆ ಬಿಸಿ ಹತ್ತುತ್ತಿತ್ತು, ಕರೆಂಟು ಹೋಗಿತ್ತು, ಎಮರ್ಜೆನ್ಸಿ ಲೈಟಿನ ಸುತ್ತ ನಾಲ್ವರು ಕುಳಿತಿದ್ದೆವು. ತಂಗಿಯ ಪಾತ್ರ ಒಬ್ಬ ಗ್ರಂಥಪಾಲಕಿ. ಸತ್ತ ಮನುಷ್ಯನ ಕೈಬರಹದಲ್ಲಿ ಅದೇ ದಿನದ ತಾರೀಖು ಹಾಕಿ ಬಂದ ಒಂದು ಕಾಗದವನ್ನು ಅವಳು ಓದಿದಳು. ಸ್ವಾಸ್ಥ್ಯ 55, ದಾಳ 91. ಒಂದೇ ಏಟಿಗೆ ಆರು ಅಂಕ ಹೋದವು. ಐದಕ್ಕಿಂತ ಕಡಿಮೆ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಐದೋ ಹೆಚ್ಚೋ ಹೋದರೆ ಬುದ್ಧಿಯ ದಾಳ ಹಾಕಬೇಕು, ಅದರಲ್ಲಿ ಸೋತರೆ ಮನಸ್ಸು ಕಂಡದ್ದನ್ನು ಮುಚ್ಚಿಟ್ಟುಕೊಂಡು ಬದುಕುತ್ತದೆ, ಗೆದ್ದರೆ ಕಂಡದ್ದರ ಅರ್ಥ ಪೂರ್ತಿಯಾಗಿ ತಿಳಿದು ಬುದ್ಧಿ ಕೆಡುತ್ತದೆ. ಅವಳು ಗೆದ್ದಳು. ನಿಯಮವನ್ನು ನಾನು ಓದಿ ಹೇಳಿದಾಗ ಸ್ವಲ್ಪ ಹೊತ್ತು ದಾಳವನ್ನೇ ನೋಡುತ್ತ ಕುಳಿತು, "ತಿಳದಿದ್ದೇ ತಪ್ಪಾತೇನಣ್ಣಾ?" ಎಂದು ಕೇಳಿದಳು. ಕೆಳಗಿನ ಮನೆಯಲ್ಲಿ ತಂದೆಯವರು ಕರೆಂಟು ಬಂತೇನು ಎಂದು ಮೂರನೆಯ ಸಲ ಕೇಳುತ್ತಿದ್ದರು. ನಾವಿಬ್ಬರೂ ಮಾತನಾಡಲಿಲ್ಲ. ಕಾಯಿಲೆಯ ವಿಚಾರವಾಗಿ ನಾನೂ ಅವಳೂ ಮೊದಲ ಸಲ ಮನಬಿಚ್ಚಿ ಮಾತನಾಡಿದ್ದು ಆ ರಾತ್ರಿ ಆಟ ಮುಗಿದ ಮೇಲೆ. ಭಯದ ಕಥೆಯನ್ನು ಇಷ್ಟಪಡುವವರನ್ನು ವಿಚಿತ್ರ ಎನ್ನುವವರಿಗೆ ನಾನು ಈ ಸಂಜೆಯನ್ನೇ ಹೇಳುತ್ತೇನೆ.

ಆ ಆಸಕ್ತಿ ಒಂದೇ ದಿನದಲ್ಲಿ ಹೋಯಿತು. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ. ಉಳಿದ ಊರುಗಳು ಇನ್ನೂ ಸುದ್ದಿ ಓದುತ್ತಿದ್ದಾಗ ನಮ್ಮ ಬೀದಿಗಳು ಖಾಲಿಯಾಗಿದ್ದವು. ಮನೆಯಲ್ಲಿ ವಯಸ್ಸಾದವರಿದ್ದ ನಾವು ಯಾರೂ ಬಾಗಿಲು ದಾಟುತ್ತಿರಲಿಲ್ಲ. ಅರ್ಧಕ್ಕೆ ನಿಂತ ಭಯದ ಆಟವನ್ನು ಫೋನಿನಲ್ಲಿ ಮುಂದುವರಿಸೋಣವೆಂದು ಬ್ಯಾಂಕಿನ ಗೆಳೆಯ ಕೇಳಿದಾಗ ನನಗೆ ಆ ಕಾಗದಗಳನ್ನು ಮುಟ್ಟಲೂ ಆಗಲಿಲ್ಲ. ಹೊರಗೆ ಇಲ್ಲದ ಭಯವನ್ನು ಮನೆಯೊಳಗೆ ಕರೆದು ಕೂರಿಸಿಕೊಳ್ಳಬಹುದು. ಹೊರಗೆ ನಿಂತು ಬಾಗಿಲು ತಟ್ಟುವ ಭಯಕ್ಕೆ ಆಟದ ನಿಯಮ ಹಾಕಲಾಗುವುದಿಲ್ಲ.

ಆಗ ಫೋನ್ ಮಾಡಿದವನು ಮೆಡಿಕಲ್ ಅಂಗಡಿಯ ಗೆಳೆಯ. ಎರಡು ವರ್ಷಕ್ಕೂ ಮೇಲಾಗಿತ್ತು ನಾವು ನೆಟ್ಟಗೆ ಮಾತನಾಡಿ. ಊರೆಲ್ಲ ಮುಚ್ಚಿದಾಗಲೂ ತೆರೆದಿರಬೇಕಾದ ಅಂಗಡಿ ಅವನದು. ಬೆಳಿಗ್ಗೆಯಿಂದ ಕೌಂಟರಿನ ಈಚೆ ನಿಂತು, ಹಗ್ಗ ಕಟ್ಟಿದ ಆಚೆಗೆ ನಿಂತವರಿಗೆ ಮಾತ್ರೆ ಎಣಿಸಿ ಕೊಟ್ಟು, ರಾತ್ರಿ ಮನೆಗೆ ಹೋಗಿ ಸ್ನಾನ ಮಾಡಿ, ಹೆಂಡತಿ ಮಕ್ಕಳಿಂದ ದೂರ ಒಂದು ಕೋಣೆಯಲ್ಲಿ ಮಲಗುತ್ತಿದ್ದ. "ಒಂಬತ್ತೂವರೆಗೆ ಎಲ್ಲಾರೂ ಲೈನ್‌ನ್ಯಾಗ ಬರ್ರಿ, ನಿಮ್ಮ ಹಳೇ ಶೀಟ್ ಅವ ಏನು?" ಎಂದ. ಇದ್ದವು. ಆ ಕಣಿವೆ, ಆ ಉತ್ತರದ ನದಿ, ಸಂತೆಯ ಹಳ್ಳಿಗಳು ಎಲ್ಲವೂ ಅವನಲ್ಲಿ ಹಾಗೆಯೇ ಇದ್ದವು. ಆ ಲೋಟದಿಂದ ಚೀಟಿ ಎತ್ತುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ನಮ್ಮ ಪರವಾಗಿ ಅವನೇ ಎತ್ತಿ ಅಂಕಿ ಓದುತ್ತಿದ್ದ, ನಾವು ನಂಬುತ್ತಿದ್ದೆವು. ಸುಮಾರು ಎಂಟು ತಿಂಗಳು ವಾರಕ್ಕೆರಡು ರಾತ್ರಿ ನಾವು ಅವನ ಲೋಕದಲ್ಲಿದ್ದೆವು. ಅಲ್ಲಿ ಹಳ್ಳಿಗೆ ಬಂದ ಕೇಡನ್ನು ಐದು ಜನ ಸೇರಿ ಓಡಿಸಬಹುದಿತ್ತು, ಗಾಯವಾದವರು ಒಂದು ರಾತ್ರಿ ಮಲಗಿ ಎದ್ದರೆ ವಾಸಿಯಾಗುತ್ತಿದ್ದರು. ಫ್ಯಾಂಟಸಿ ನಾವು ದಾಟಿ ಬಂದ ಮೆಟ್ಟಿಲು ಎಂದು ಮೂರು ವರ್ಷದ ಹಿಂದೆ ನಾನು ಹೇಳಿದ್ದ ಮಾತಿಗೆ ಅವನು ಯಾವ ಉತ್ತರವನ್ನೂ ಕೊಡಲಿಲ್ಲ. ಒಂದು ರಾತ್ರಿ ಆಟ ಮುಗಿದ ಮೇಲೆ ನಾನು ಕ್ಷಮೆ ಕೇಳಿದೆ. "ಅದಿರಲಿ, ನಿನ್ನ ಕುದುರಿಗೆ ನೀರ ಕುಡಿಸೀ ಏನು, ನಾಳೆ ಘಾಟ್ ಹತ್ತೋದದ" ಎಂದ.

ಇಷ್ಟಾದ ಮೇಲೂ ನನ್ನ ಮನಸ್ಸು ಮತ್ತೆ ತಿರುಗಿತು, ಈ ಸಲ ಮನೆಯ ಕಡೆಗೆ. 2017ರಲ್ಲಿ ಕಲಬುರಗಿ ಮತ್ತು ಬೀದರಿನ ನಡುವೆ ರೈಲು ಮಾರ್ಗ ಪೂರ್ಣಗೊಂಡಿದೆ. ಕೋವಿಡ್ ಇಳಿದ ಮೇಲೆ ಒಂದು ದಿನ ತಂಗಿಯೂ ನಾನೂ ಆ ರೈಲಿನಲ್ಲಿ ಹೋಗಿ ಮಹಮೂದ್ ಗವಾನನ ಮದರಸಾ ನೋಡಿದೆವು. 1472ರ ಆ ಕಟ್ಟಡದ ಒಂದು ಭಾಗ ಮೊಗಲರ ಕಾಲದಲ್ಲಿ ಸಿಡಿಮದ್ದು ಸ್ಫೋಟಿಸಿ ಬಿದ್ದುಹೋಗಿದೆ, ಉಳಿದಿರುವ ಒಂದು ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಅಲ್ಲಲ್ಲಿ ಅಂಟಿಕೊಂಡಿವೆ. ಪರ್ಷಿಯಾದ ಗಿಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ವಜೀರನಾದ ಮನುಷ್ಯ ಅವನು. ಅವನ ಕಾಲದಲ್ಲಿಯೇ, 1470ರ ಆಸುಪಾಸಿನಲ್ಲಿ, ರಷ್ಯಾದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಒಂದು ಕುದುರೆಯನ್ನು ಕಟ್ಟಿಕೊಂಡು ಸಮುದ್ರ ದಾಟಿ ಬಂದು, ಅದನ್ನು ಬೀದರಿನಲ್ಲಿ ಮಾರಿ, ಇಲ್ಲಿನ ಸರದಾರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಬರೆದಿಟ್ಟು ಹೋದ. ಮಿನಾರಿನ ನೆರಳಿನಲ್ಲಿ ಕುಳಿತು ತಂಗಿ, "ಇದನ್ನ ಯಾಕ ಆಡಬಾರದು?" ಎಂದಳು. ನನಗೂ ಅದೇ ಹೊಳೆದಿತ್ತು.

ನಿಯಮಗಳಿಗಾಗಿ 2010ರಲ್ಲಿ ಬಂದ ಅಪಾಕಲಿಪ್ಸ್ ವರ್ಲ್ಡ್ ಎಂಬ ಆಟದ ಬೆನ್ನೆಲುಬನ್ನು ತೆಗೆದುಕೊಂಡೆವು. ಎರಡು ಸಾಮಾನ್ಯ ದಾಳ. 10 ಅಥವಾ ಮೇಲೆ ಬಿದ್ದರೆ ಕೆಲಸ ಆಗುತ್ತದೆ, 7ರಿಂದ 9 ಬಿದ್ದರೆ ಆಗುತ್ತದೆ, ಅದಕ್ಕೊಂದು ಬೆಲೆ ತೆರಬೇಕಾಗುತ್ತದೆ, 6 ಅಥವಾ ಕೆಳಗೆ ಬಿದ್ದರೆ ಕೇಡು ಕಾದಿರುತ್ತದೆ. ಲೆಕ್ಕ ಇಡುವುದಕ್ಕೆ ಬಲವನ್ನಾಗಲಿ ದುಡ್ಡನ್ನಾಗಲಿ ಆರಿಸಿಕೊಳ್ಳಲಿಲ್ಲ. ಪ್ರತಿಯೊಬ್ಬರೂ ತಮ್ಮ ಹಾಳೆಯ ಮೇಲೆ ತಮ್ಮ ಮಾತನ್ನು ಯಾರು ಯಾರು ನಂಬುತ್ತಾರೆಂದು ಬರೆದುಕೊಳ್ಳಬೇಕು, ಕಷ್ಟ ಬಂದಾಗ ಆ ನಂಬಿಕೆಯನ್ನು ಖರ್ಚು ಮಾಡಬೇಕು, ಖರ್ಚಾದದ್ದನ್ನು ಮತ್ತೆ ಗಳಿಸಲು ಬಹಳ ಕಾಲ ಹಿಡಿಯಬೇಕು. ಬ್ಯಾಂಕಿನ ಗೆಳೆಯ ಕುದುರೆ ದಲ್ಲಾಳಿಯಾದ. ಯಾದಗಿರಿಯವನು ಆಳಂದದ ದಾರಿಯಲ್ಲಿ ಎತ್ತಿನ ಮೇಲೆ ಸರಕು ಹೇರಿ ಓಡಾಡುವವನಾದ. ತಂಗಿ ವಜೀರನ ಮುದ್ರೆ ಕಾಯುವವನ ಮನೆಯಲ್ಲಿ ಕೆಲಸದವಳಾದಳು.

ಯಾರೂ ಎಣಿಸದೆ ಇದ್ದದ್ದು ಭಾಷೆಯ ವಿಷಯದಲ್ಲಿ ಆಯಿತು. ಡ್ರ್ಯಾಗನ್ನಿನ ಆಟವನ್ನು ಕನ್ನಡದಲ್ಲಿಯೇ ಆಡುತ್ತಿದ್ದರೂ ಪಾತ್ರ ಬಾಯಿ ತೆರೆಯಬೇಕಾದಾಗ ನಮ್ಮಲ್ಲಿ ಒಂದು ಹಿಂಜರಿಕೆ ಇತ್ತು. ಎಲ್ಫ್ ರಾಣಿ ಕಲಬುರಗಿಯ ಕನ್ನಡ ಮಾತನಾಡಿದರೆ ಅದು ಅವಳ ಮಾತಾಗಿ ಕೇಳುತ್ತಿರಲಿಲ್ಲ, ಇಂಗ್ಲಿಷ್ ಮಾತನಾಡಿದರೆ ಅದು ನಮ್ಮ ಮಾತಾಗಿರುತ್ತಿರಲಿಲ್ಲ. ಆದ್ದರಿಂದ ಹೆಚ್ಚಾಗಿ "ಅವಳು ಬೇಡ ಅಂತ ಹೇಳ್ತಾಳ" ಎಂದು ವರದಿ ಒಪ್ಪಿಸುತ್ತಿದ್ದೆವು. ಬೀದರಿನ ಆಟದ ಮೊದಲ ಸಂಜೆಯೇ ಯಾದಗಿರಿಯ ಗೆಳೆಯ, ಆರು ವರ್ಷ ಆಡಿದರೂ ಪಾತ್ರವಾಗಿ ನಾಲ್ಕು ಮಾತು ಆಡದಿದ್ದವನು, ಸುಂಕದ ಕಟ್ಟೆಯವನ ಜೊತೆ ಅರ್ಧ ಕನ್ನಡ ಅರ್ಧ ದಖನಿಯಲ್ಲಿ ಹತ್ತು ನಿಮಿಷ ಜಗಳವಾಡಿದ. ಅದು ಅವನ ಅಜ್ಜನ ಜಗಳದ ಧಾಟಿ ಎಂದು ಆಮೇಲೆ ಹೇಳಿದ. ಅವನು ನಾಚಿಕೆಯವನೆಂದು ನಾವು ಇಷ್ಟು ವರ್ಷ ತಿಳಿದಿದ್ದೆವು.

ಈ ಪ್ರಕಾರಕ್ಕೂ ಅದರದೇ ಕಷ್ಟವಿದೆ. 1481ರಲ್ಲಿ ಗವಾನನ ವೈರಿಗಳು ಮುದ್ರೆ ಕಾಯುವವನಿಗೆ ಮದ್ಯ ಕುಡಿಸಿ ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡು, ಅದರ ಮೇಲೆ ಒಡಿಶಾದ ಅರಸನಿಗೆ ಬರೆದಂತೆ ದ್ರೋಹದ ಪತ್ರವನ್ನು ಸೃಷ್ಟಿಸಿದರೆಂದು ಚರಿತ್ರೆಕಾರ ಫಿರಿಶ್ತಾ ಹೇಳುತ್ತಾನೆ. ಸುಲ್ತಾನ ಮೂರನೆಯ ಮುಹಮ್ಮದ್ ವಿಚಾರಣೆಯಿಲ್ಲದೆ ಗವಾನನನ್ನು ಕೊಲ್ಲಿಸಿದ. ಮರುವರ್ಷವೇ ತಾನೂ ತೀರಿಕೊಂಡ. ರಾಜ್ಯ ಮುಂದೆ ಐದು ಹೋಳಾಯಿತು. ಆಡುವವರೆಲ್ಲರಿಗೂ ಇದು ಗೊತ್ತಿದೆ. ಕೊನೆ ಗೊತ್ತಿರುವ ಆಟ ಭಯದ ಆಟಕ್ಕೆ ಬಹಳ ಹತ್ತಿರ. ಎರಡು ತಿಂಗಳ ಹಿಂದೆ ಆ ಖಾಲಿ ಕಾಗದದ ಸಂಜೆ ಬಂದಾಗ ನಾನು ಸೀಮೆಸುಣ್ಣದ ತುದಿಯನ್ನು ಬ್ಲೇಡಿನಿಂದ ಕೆತ್ತಿ ಒಂದು ಮುದ್ರೆ ಮಾಡಿ, ಮಸಿಯ ಪ್ಯಾಡಿಗೆ ಒತ್ತಿ, ಬಿಳಿಯ ಹಾಳೆಯ ಕೆಳಗೆ ಊರಿದೆ. ಯಾರೂ ಉಸಿರೆತ್ತಲಿಲ್ಲ. ತಂಗಿಯ ಪಾತ್ರ ಬಾಗಿಲ ಮರೆಯಲ್ಲಿ ನಿಂತು ಅದನ್ನು ನೋಡಿದೆ. ಅವಳನ್ನು ನಂಬುವವರು ಹಾಳೆಯ ಮೇಲೆ ಇಬ್ಬರೇ ಉಳಿದಿದ್ದಾರೆ. ಆ ಹಾಳೆ ಈಗ ದಾಳದ ಡಬ್ಬಿಯಲ್ಲಿದೆ, ಅದರ ಮೇಲೆ ಏನೂ ಬರೆದಿಲ್ಲ. ಚರಿತ್ರೆಯನ್ನು ನಡೆದಂತೆ ನಡೆಯಲು ಬಿಡಬೇಕೋ, ದಾಳಕ್ಕೆ ಒಪ್ಪಿಸಬೇಕೋ ಎಂದು ನಾವು ಮೂರು ವಾರಗಳಿಂದ ವಾದಿಸುತ್ತಿದ್ದೇವೆ. ಬ್ಯಾಂಕಿನ ಗೆಳೆಯನ ಪ್ರಕಾರ ಕೊಲೆ ತಪ್ಪಿದರೆ ನಾವು ಆಡಿದ್ದು ಬೀದರಿನ ಕಥೆಯಲ್ಲ. ತಂಗಿ ಇನ್ನೂ ತನ್ನ ಅಭಿಪ್ರಾಯ ಹೇಳಿಲ್ಲ.

ಮೆಡಿಕಲ್ ಅಂಗಡಿಯ ಗೆಳೆಯ ಈ ಆಟಕ್ಕೆ ಬರುವುದಿಲ್ಲ. ಭಾನುವಾರ ಅವನು ತನ್ನ ಮಕ್ಕಳಿಗೂ ಓಣಿಯ ಇನ್ನೂ ಮೂವರು ಹುಡುಗರಿಗೂ ಅದೇ ಕಣಿವೆಯ ಆಟ ಆಡಿಸುತ್ತಾನೆ. ತಿಂಗಳಿಗೊಮ್ಮೆ ನಾನು ಹೋಗಿ ಅವರ ನಡುವೆ ಕುಳಿತು ಆಡುತ್ತೇನೆ, ಆ ಹುಡುಗರು ನನ್ನ ಪಾತ್ರಕ್ಕೆ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಹೋದ ವಾರ ಅಂಗಡಿಯಲ್ಲಿ ತಂದೆಯವರ ಮಾತ್ರೆಗಳನ್ನು ಕಟ್ಟಿಕೊಡುತ್ತ, ಬೀದರಿನ ಆಟ ಎಲ್ಲಿಗೆ ಬಂತೆಂದು ಕೇಳಿದ. ಖಾಲಿ ಕಾಗದದವರೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪತ್ರ ಒಯ್ಯಾಂವ ಯಾರು?" ಎಂದ. ಅದನ್ನು ಯಾರಿಗೂ ಕೊಟ್ಟಿಲ್ಲ, ಆ ಪಾತ್ರ ಖಾಲಿ ಇದೆ ಎಂದೆ.

"ಅದೊಂದ ದಿನ ನಾ ಬರ್ತೀನಿ. ಆದ್ರ ಆ ಪತ್ರ ಸುಲ್ತಾನನ ಕೈಗೆ ಮುಟ್ಟಂಗಿಲ್ಲ ನೋಡು."

ನಾನು ಆಗಲಿ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಬರುವಾಗ ಚೀಟಿಗಳ ಲೋಟ ತಗೊಂಡು ಬಾ ಎಂದು ಹೇಳಿ, ಮಾತ್ರೆಗಳ ಚೀಲ ಹಿಡಿದು ಮನೆಗೆ ಬಂದೆ.